ಬೀಗರು ಹೇಳಿದ ‘ಟೀ ಸೆರೆಮನಿ’: ಹುಡುಗನ ಕಡೆಯವರು ಏನು ಮಾಡಬೇಕು?

ಪ್ರಶ್ನೆ: ನಮ್ಮ ಮಗ ಮಲೇಷ್ಯಾದ ಪೆನಾಂಗ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಚೀನೀ ಮನೆತನದ ಹುಡುಗಿಯನ್ನು ಮೆಚ್ಚಿದ್ದಾನೆ. ನಮಗೂ ಒಪ್ಪಿಗೆ ಇದೆ. ಮಾರ್ಚ್‌ನಲ್ಲಿ ರಿಜಿಸ್ಟರ್ ಆಯಿತು, ಮದುವೆ ನವೆಂಬರ್‌ನಲ್ಲಿ. ಅವತ್ತು ‘ಟೀ ಸೆರೆಮನಿ’ ಇದೆಯಂತೆ. ನಾವು ಕುರ್ಚಿ ಮೇಲೆ ಕೂರಬೇಕಂತೆ, ಇಬ್ಬರೂ ಮಂಡಿಯೂರಿ ಚಹಾ ಕೊಡುತ್ತಾರಂತೆ. ನಾವು ಏನು ಉಡಬೇಕು, ಏನು ಕೊಡಬೇಕು, ಏನು ಹೇಳಬೇಕು ಒಂದೂ ಗೊತ್ತಿಲ್ಲ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಬೇರೆ. ನಮ್ಮ ಅತ್ತೆಯೂ ಬರುತ್ತಿದ್ದಾರೆ. ಮಾವ ತೀರಿಕೊಂಡಿದ್ದಾರೆ. ‘ನಾನು ಹಿಂದೆ ಇರ್ತೀನಿ, ಶುಭಕಾರ್ಯದಲ್ಲಿ ಮುಂದೆ ಬರಲ್ಲ’ ಅಂತ ಅವರು ಈಗಲೇ ಹೇಳುತ್ತಿದ್ದಾರೆ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರನ್ನು ಹಿಂದೆ ಕೂರಿಸಬೇಡಿ. ಈ ಶಾಸ್ತ್ರ ಇರುವುದೇ ಮನೆಯ ಹಿರಿಯರಿಗಾಗಿ. ಚಹಾ ತೆಗೆದುಕೊಳ್ಳಲು ಗಂಡ ಬದುಕಿರಬೇಕು ಅನ್ನುವ ನಿಯಮ ಇಲ್ಲ. ಅಜ್ಜಿ ಒಬ್ಬರೇ ಕುರ್ಚಿಯಲ್ಲಿ ಕೂರುತ್ತಾರೆ, ಮೊಮ್ಮಗ ಮತ್ತು ಅವನ ಹೆಂಡತಿ ಮುಂದೆ ಮಂಡಿಯೂರುತ್ತಾರೆ, ಅಷ್ಟೇ. ಅಷ್ಟು ದೂರ ಬಂದ ಅಜ್ಜಿ ಚಹಾ ಮುಟ್ಟದೆ ಮೂಲೆಯಲ್ಲಿ ಕೂತರೆ ಬೀಗರಿಗೆ ಬೇರೆಯೇ ಅನುಮಾನ ಬರುತ್ತದೆ. ಈ ಸಂಬಂಧ ಅಜ್ಜಿಗೆ ಇಷ್ಟ ಇಲ್ಲವೇನೋ ಅಂತ. ಯಾಕೆಂದರೆ ಚಹಾ ಕುಡಿಯುವುದೇ ಅಲ್ಲಿ ಒಪ್ಪಿಗೆಯ ಗುರುತು.

ಹಾಗಂತ ಮುತ್ತೈದೆಯ ಲೆಕ್ಕಾಚಾರ ಅವರಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಮದುವೆಯ ಹಿಂದಿನ ರಾತ್ರಿ ಹುಡುಗನಿಗೂ ಹುಡುಗಿಗೂ ಅವರವರ ಮನೆಯಲ್ಲಿ ತಲೆ ಬಾಚುವ ಶಾಸ್ತ್ರ ಒಂದಿದೆ. ಬಾಚುವವಳು ಗಂಡ, ಮಕ್ಕಳು ಇರುವ ತುಂಬು ಸಂಸಾರದ ಹೆಂಗಸೇ ಆಗಬೇಕು ಅನ್ನುವುದು ಹಳೆಯ ರೂಢಿ. ಅವಳನ್ನು ‘ಒಳ್ಳೆ ಹಣೆಬರಹದವಳು’ ಅಂತಲೇ ಕರೆಯುತ್ತಾರೆ. ಬಾಚಣಿಗೆ ಎಳೆದಂತೆಲ್ಲ ಒಂದೊಂದು ಹಾರೈಕೆ: ಕೊನೆಯ ತನಕ ಜೊತೆಗಿರಿ, ಮನೆ ತುಂಬ ಮಕ್ಕಳು ಮೊಮ್ಮಕ್ಕಳಾಗಲಿ, ಹೀಗೆ. ನಿಮ್ಮ ಮಗನಿಗೂ ಅದನ್ನು ಮಾಡುವುದಾದರೆ ನೀವೇ ಬಾಚಿ. ಚಹಾ ಶಾಸ್ತ್ರದಲ್ಲಿ ಮಾತ್ರ ಅಜ್ಜಿಯ ಜಾಗ ಮುಂದೆಯೇ.

ಈಗ ಶಾಸ್ತ್ರದ ವಿಷಯಕ್ಕೆ ಬರೋಣ. ‘ಟೀ ಸೆರೆಮನಿ’ ಅಂದ ಕೂಡಲೇ ಕೆಲವರಿಗೆ ಜಪಾನಿನ ಟೀ ಸೆರೆಮನಿ ನೆನಪಾಗುತ್ತದೆ, ಆ ಮೌನ, ಆ ಬಿದಿರಿನ ಕುಂಚ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ಗಲಾಟೆ, ನಗು, ಕ್ಯಾಮೆರಾ, ಓಡಾಡುವ ಮಕ್ಕಳು ಎಲ್ಲ ಇರುತ್ತವೆ. ಮ್ಯಾಂಡರಿನ್ ಭಾಷೆಯಲ್ಲಿ ಇದಕ್ಕೆ ‘ಜಿಂಗ್ ಛಾ’ ಎನ್ನುತ್ತಾರೆ. ಗೌರವದಿಂದ ಚಹಾ ಅರ್ಪಿಸುವುದು ಅಂತ ಅರ್ಥ. ಪೆನಾಂಗ್‌ನ ಚೀನೀಯರಲ್ಲಿ ಜಾಸ್ತಿ ಜನ ಹೊಕ್ಕಿಯನ್ ಎಂಬ ದಕ್ಷಿಣ ಚೀನಾದ ನುಡಿ ಮಾತಾಡುವವರು, ಅವರ ಬಾಯಲ್ಲಿ ಚಹಾ ‘ತೇ’ ಆಗುತ್ತದೆ. ಆ ‘ತೇ’ಯೇ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ, ಇಂಗ್ಲಿಷರ ಮೂಲಕ ನಮ್ಮಲ್ಲಿ ಟೀ ಆಯಿತು. ‘ಛಾ’ ಪರ್ಷಿಯಾದ ದಾರಿ ಹಿಡಿದು ಬಂದು ಚಹಾ ಆಯಿತು. ನಮ್ಮ ಎರಡೂ ಪದಗಳ ಊರು ಚೀನಾವೇ.

ನಡೆಯುವ ಕ್ರಮ ಸರಳ. ಬೆಳಿಗ್ಗೆ ಹುಡುಗ ಗೆಳೆಯರ ಜೊತೆ ಹುಡುಗಿಯನ್ನು ಕರೆದುಕೊಂಡು ಬರಲು ಹೋಗುತ್ತಾನೆ. ಅವಳ ಗೆಳತಿಯರು ಬಾಗಿಲಲ್ಲಿ ಅಡ್ಡ ನಿಂತು ಸತಾಯಿಸುತ್ತಾರೆ. ಹುಳಿ, ಸಿಹಿ, ಕಹಿ, ಖಾರ ತಿನ್ನಿಸುತ್ತಾರೆ, ದುಡ್ಡು ಕೇಳುತ್ತಾರೆ. ನಮ್ಮಲ್ಲಿ ಹೊಸಿಲ ಮೇಲೆ ನಿಲ್ಲಿಸಿ ಹೆಸರು ಹೇಳಿಸುತ್ತಾರಲ್ಲ, ಅದೇ ಜಾತಿಯ ತಮಾಷೆ. ಆಮೇಲೆ ಇಬ್ಬರೂ ಹುಡುಗನ ಮನೆಗೆ ಬಂದು ಆ ಕಡೆಯ ಹಿರಿಯರಿಗೆ ಚಹಾ ಕೊಡುತ್ತಾರೆ. ಅದು ಮುಗಿದ ಮೇಲೆ ಹುಡುಗಿಯ ಮನೆಗೆ ವಾಪಸ್ ಹೋಗಿ ಅಲ್ಲಿಯವರಿಗೆ ಕೊಡುತ್ತಾರೆ. ಹಿಂದೆ ಮೂರನೇ ದಿನ ತವರಿಗೆ ಹೋಗುತ್ತಿದ್ದರು, ಈಗ ಎಲ್ಲ ಒಂದೇ ಬೆಳಿಗ್ಗೆ. ನಿಮಗೆ ಅಲ್ಲಿ ಮನೆ ಇಲ್ಲವಾದ್ದರಿಂದ ನೀವು ಇಳಿದುಕೊಳ್ಳುವ ಹೋಟೆಲ್ ಕೋಣೆಯೇ ‘ಹುಡುಗನ ಮನೆ’. ಎರಡು ಕುರ್ಚಿ, ಮುಂದೆ ಎರಡು ಕೆಂಪು ದಿಂಬು, ಗೋಡೆ ಮೇಲೆ ‘ಶ್ವಾಂಗ್ ಶೀ’ ಅನ್ನುವ ಜೋಡಿ ಸಂತೋಷದ ಅಕ್ಷರ ಬರೆದ ಕೆಂಪು ಕಾಗದ, ಇಷ್ಟಿದ್ದರೆ ಸಾಕು. ಚಹಾ ಸೆಟ್ಟು ಸಾಮಾನ್ಯವಾಗಿ ಹುಡುಗಿಯ ಮನೆಯವರೇ ತರುತ್ತಾರೆ.

ಒಂದು ಕಿವಿಮಾತು. ಆ ಸೆಟ್ಟಿನಲ್ಲಿ ಬಟ್ಟಲು ಕಡಿಮೆ ಇರುತ್ತವೆ. ಒಬ್ಬರು ಕುಡಿದ ಬಟ್ಟಲನ್ನು ತೊಳೆದು ಇನ್ನೊಬ್ಬರಿಗೆ ತುಂಬುತ್ತಾರೆ, ಕೆಲವು ಕಡೆ ಬರೀ ಜಾಲಾಡಿಸಿ ತುಂಬುತ್ತಾರೆ. ನಮ್ಮವರಿಗೆ ಎಂಜಲಿನ ಯೋಚನೆ ಬಂದೇ ಬರುತ್ತದೆ, ನಿಮ್ಮ ಅತ್ತೆಯವರಿಗಂತೂ ಖಂಡಿತ. ಇನ್ನೊಂದು ಡಜನ್ ಬಟ್ಟಲು ಇಟ್ಟುಕೊಳ್ಳಲು ಮಗನಿಗೆ ಈಗಲೇ ಹೇಳಿ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಟ್ಟಲಿನಲ್ಲಿ ಇರುವುದು ಹಾಲು ಹಾಕಿದ ನಮ್ಮ ಚಹಾ ಅಲ್ಲ. ತೆಳ್ಳಗಿನ ಸಿಹಿ ಕಷಾಯದ ಥರ ಇರುತ್ತದೆ. ಕೆಂಪು ಹಣ್ಣು, ಲೋಂಗನ್, ಕೆಲವು ಮನೆಗಳಲ್ಲಿ ತಾವರೆ ಬೀಜ, ಕಲ್ಲುಸಕ್ಕರೆ. ಕೆಂಪು ಹಣ್ಣನ್ನು ಎಲ್ಲರೂ ‘ರೆಡ್ ಡೇಟ್’ ಅನ್ನುತ್ತಾರೆ, ಆದರೆ ಅದು ಖರ್ಜೂರ ಅಲ್ಲ. ನಮ್ಮ ಬೋರೆ ಹಣ್ಣು, ಎಲಚಿ ಹಣ್ಣು ಅಂತೀವಲ್ಲ, ಅದರ ಅಣ್ಣ. ಲೋಂಗನ್ ಲಿಚಿಯ ಬಳಗ. ತಾವರೆ ಬೀಜ ಅಂದರೆ ಅಂಗಡಿಯಲ್ಲಿ ಸಿಗುವ ಮಖಾನ ಅಂದುಕೊಂಡು ಒಯ್ಯಬೇಡಿ. ಮಖಾನ ಬೇರೆ ಗಿಡದ್ದು. ಇವೆಲ್ಲ ರುಚಿಗಾಗಿ ಹಾಕಿದ್ದಲ್ಲ, ಶಬ್ದದ ಆಟ. ಕೆಂಪು ಹಣ್ಣು ‘ಜಾವ್’, ‘ಬೇಗ’ ಅನ್ನುವ ಪದವೂ ‘ಜಾವ್’. ತಾವರೆ ಬೀಜದ ಕೊನೆಯ ಅಕ್ಷರಕ್ಕೆ ಮಗು ಅಂತಲೂ ಅರ್ಥ. ಒಟ್ಟಾರೆ ಹೇಳುವುದು ‘ಬೇಗ ಮಗುವಾಗಲಿ’ ಅಂತ. ನಾವು ಬಾಯಿಬಿಟ್ಟು ಕೇಳುವುದನ್ನು ಅವರು ಬಟ್ಟಲಲ್ಲಿ ಹಾಕಿ ಕೊಡುತ್ತಾರೆ.

ನಿಮ್ಮ ಮನೆಯವರ ಸಕ್ಕರೆ ಬಗ್ಗೆ ಚಿಂತೆ ಬೇಡ. ಬಟ್ಟಲೇ ಚಿಕ್ಕದು, ಒಂದು ಗುಟುಕು ಕುಡಿದರೆ ಸಾಕು. ಪೂರ್ತಿ ಮುಗಿಸಬೇಕಿಲ್ಲ, ಹಣ್ಣು ತಿನ್ನಬೇಕಿಲ್ಲ. ಆದರೆ ‘ನನಗೆ ಬೇಡ’ ಅಂತ ಕೈ ಆಡಿಸಬಾರದು. ಎರಡೂ ಕೈ ಚಾಚಿ ತೆಗೆದುಕೊಳ್ಳಿ, ತುಟಿಗೆ ತಾಗಿಸಿ, ತಟ್ಟೆಯಲ್ಲಿ ಇಡಿ. ಒಂದೇ ಕೈಯಲ್ಲಿ ತೆಗೆದುಕೊಳ್ಳುವುದು ಅಲ್ಲಿ ಅಸಡ್ಡೆ.

ಮದುವೆಗೆ ಚಹಾವೇ ಯಾಕೆ ಅಂದರೆ ಅದಕ್ಕೊಂದು ಹಳೆಯ ಕಾರಣ ಹೇಳುತ್ತಾರೆ. ಚಹಾ ಗಿಡವನ್ನು ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದಿಲ್ಲ, ಬೀಜದಿಂದಲೇ ಬೆಳೆಯಬೇಕು ಎಂಬ ನಂಬಿಕೆ ಇತ್ತು. ಮಿಂಗ್ ಅರಸರ ಕಾಲದ ಬರಹಗಳಲ್ಲೂ ಈ ಮಾತು ಬರುತ್ತದೆ. ಒಮ್ಮೆ ಬೇರೂರಿದರೆ ಕದಲಬಾರದು, ಮದುವೆಯೂ ಹಾಗೆ ಅಂತ ಹೋಲಿಕೆ. ಮದುವೆ ನಿಶ್ಚಯದ ಉಡುಗೊರೆಯನ್ನೇ ‘ಚಹಾ ಕಾಣಿಕೆ’ ಅನ್ನುತ್ತಿದ್ದರು. ಹೋಲಿಕೆ ಚೆನ್ನಾಗಿದೆ, ಸಸ್ಯಶಾಸ್ತ್ರ ಮಾತ್ರ ಸರಿಯಿಲ್ಲ. ಇವತ್ತು ನೀಲಗಿರಿಯ ತೋಟದವರು ಗೆಲ್ಲು ನೆಟ್ಟು, ನರ್ಸರಿಯಲ್ಲಿ ಬೆಳೆಸಿ, ಕಿತ್ತು ಬೇರೆ ಕಡೆ ನೆಡುತ್ತಾರೆ. ಗಿಡ ಆರಾಮಾಗಿ ಬದುಕುತ್ತದೆ. ಮದುವೆಯಾಗಿ ಊರು ಬಿಟ್ಟು ಬಂದ ಹೆಣ್ಣುಮಕ್ಕಳ ಹಾಗೇ ಅನ್ನಿ.

ನಿಜ ಹೇಳಬೇಕೆಂದರೆ ಈ ಶಾಸ್ತ್ರದಲ್ಲಿ ಚಹಾ ಒಂದು ನೆಪ. ಮುಖ್ಯವಾದದ್ದು ಚಹಾ ಕೊಡುವಾಗ ಬಾಯಲ್ಲಿ ಬರುವ ಪದ. ಪ್ರತಿಯೊಬ್ಬ ಹಿರಿಯರನ್ನೂ ಸರಿಯಾದ ಸಂಬಂಧದ ಹೆಸರಿನಿಂದ ಕರೆದು ‘ಚಹಾ ಕುಡಿಯಿರಿ’ ಅನ್ನಬೇಕು. ಅವತ್ತಿನ ತನಕ ‘ಆಂಟಿ’ ಅನ್ನುತ್ತಿದ್ದವಳು ಅವತ್ತು ಮೊದಲ ಸಲ ‘ಅಮ್ಮ’ ಅನ್ನುತ್ತಾಳೆ. ಚೀನಾದಲ್ಲಿ ಇದಕ್ಕೆ ‘ಗಾಯ್ ಖೋ’ ಚಹಾ ಅಂತಲೇ ಹೆಸರಿದೆ, ಬಾಯಿ ಬದಲಿಸುವ ಚಹಾ ಅಂತ. ಹಾಗೆ ಕರೆದದ್ದಕ್ಕೆ ಹಿರಿಯರು ದುಡ್ಡು ಕೊಡುತ್ತಾರೆ. ನನ್ನ ಮಟ್ಟಿಗೆ ಇಡೀ ಮದುವೆಯಲ್ಲಿ ಕಣ್ಣು ತುಂಬಿ ಬರುವ ಗಳಿಗೆ ಇದೇ. ಇಪ್ಪತ್ತು ವರ್ಷ ಸಿಂಗಪುರ, ಪೆನಾಂಗ್ ಕಡೆ ಮದುವೆ ಕೆಲಸ ಮಾಡಿದ್ದೇನೆ. ಇನ್ನೂ ಆ ಹೊತ್ತಿಗೆ ನಾನು ಬೇರೆ ಕಡೆ ನೋಡುತ್ತಾ ನಿಲ್ಲುತ್ತೇನೆ.

ಸಂಬಂಧದ ಹೆಸರುಗಳ ವಿಷಯದಲ್ಲಿ ಚೀನೀಯರು ನಮ್ಮಷ್ಟೇ ಕಟ್ಟುನಿಟ್ಟು. ಇಂಗ್ಲಿಷಿನ ಒಂದು ‘ಅಂಕಲ್’ನಿಂದ ಅವರ ಕೆಲಸವೂ ನಡೆಯುವುದಿಲ್ಲ. ಪೆನಾಂಗ್‌ನ ಹೊಕ್ಕಿಯನ್‌ನಲ್ಲಿ ದೊಡ್ಡಪ್ಪ ‘ಆ ಪೇಕ್’, ಚಿಕ್ಕಪ್ಪ ‘ಆ ಚೆಕ್’, ಸೋದರಮಾವ ‘ಆ ಕೂ’, ಸೋದರತ್ತೆ ‘ಆ ಕೋ’. ಇನ್ನೊಂದು ಸಂಗತಿ ಹೇಳಿದರೆ ನೀವು ಬೆರಗಾಗುತ್ತೀರಿ. ಹಳೆಯ ಚೀನೀ ಭಾಷೆಯಲ್ಲಿ ಸೊಸೆ ಗಂಡನ ತಂದೆಯನ್ನು ‘ಜ್ಯೂ’ ಎಂದೂ, ಗಂಡನ ತಾಯಿಯನ್ನು ‘ಗೂ’ ಎಂದೂ ಕರೆಯುತ್ತಿದ್ದಳು. ‘ಜ್ಯೂ’ ಅಂದರೆ ಅಮ್ಮನ ತಮ್ಮ ಅಥವಾ ಅಣ್ಣ. ‘ಗೂ’ ಅಂದರೆ ಅಪ್ಪನ ಅಕ್ಕ ಅಥವಾ ತಂಗಿ. ಅಂದರೆ ಥೇಟ್ ನಮ್ಮ ಮಾವ, ಅತ್ತೆ! ನಮ್ಮಲ್ಲಿ ಸೋದರಮಾವನ ಮನೆಗೇ ಹೆಣ್ಣು ಕೊಡುವ ರೂಢಿ ಇದ್ದದ್ದರಿಂದ ಮಾವ ಎಂಬ ಪದಕ್ಕೆ ಎರಡು ಅರ್ಥ ಬಂತು ಅನ್ನುತ್ತಾರೆ. ಅಲ್ಲೂ ಬಹಳ ಹಿಂದೆ ಅಂಥದ್ದೇ ಸೋದರಿಕೆ ಇದ್ದಿರಬೇಕು ಅಂತ ವಿದ್ವಾಂಸರು ವಾದಿಸಿದ್ದಾರೆ.

‘ಯೀ ಲೀ’ ಎಂಬ ಎರಡು ಸಾವಿರ ವರ್ಷಕ್ಕೂ ಹಳೆಯ ವಿಧಿಗಳ ಗ್ರಂಥದಲ್ಲಿ ಸೊಸೆ ಈ ‘ಜ್ಯೂ, ಗೂ’ಗಳನ್ನು ಕಾಣುವ ಕ್ರಮ ಬರೆದಿದೆ. ಮದುವೆಯ ಮರುದಿನ ಬೆಳಿಗ್ಗೆ ಅವಳು ಬಿದಿರಿನ ಬುಟ್ಟಿ ಹಿಡಿದು ಬರುತ್ತಾಳೆ. ಮಾವನಿಗೆ ಕೆಂಪು ಹಣ್ಣು ಮತ್ತು ಚೆಸ್ಟ್‌ನಟ್, ಅತ್ತೆಗೆ ಒಣಗಿಸಿದ ಮಾಂಸ. ಆಗ ಚಹಾ ಇನ್ನೂ ಎಲ್ಲ ಕಡೆ ಹಬ್ಬಿರಲಿಲ್ಲ. ಚಹಾ ಆಮೇಲೆ ಬಂತು, ಹಣ್ಣು ಬುಟ್ಟಿಯಿಂದ ಬಟ್ಟಲಿಗೆ ಇಳಿಯಿತು. ನವೆಂಬರ್‌ನಲ್ಲಿ ನಿಮ್ಮ ಕೈಗೆ ಬರುವ ಬಟ್ಟಲಲ್ಲಿ ತೇಲುವುದು ಅದೇ ಹಣ್ಣು.

ಆದ್ದರಿಂದ ನಿಮ್ಮ ಮೊದಲ ಕೆಲಸ ಇದು. ಹುಡುಗಿ ನಿಮ್ಮನ್ನು ಏನಂತ ಕರೆಯಬೇಕು ಅಂತ ಈಗಲೇ ತೀರ್ಮಾನ ಮಾಡಿ. ‘ಅತ್ತೆ’ ಅನ್ನಲೋ, ‘ಅಮ್ಮ’ ಅನ್ನಲೋ? ಎರಡೂ ಸರಿ. ಮೇಲಿನ ಕಥೆ ಹೇಳಿದರೆ ‘ಅತ್ತೆ’ ಅನ್ನುವ ಪದ ಅವಳಿಗೆ ಪರಕೀಯ ಅನಿಸಲಿಕ್ಕಿಲ್ಲ. ನಿಮ್ಮ ಕಡೆಯಿಂದ ಯಾರು ಯಾರು ಹೋಗುತ್ತೀರೋ ಅಷ್ಟೂ ಜನರ ಪಟ್ಟಿ ಮಾಡಿ. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಸೋದರಮಾವ, ಎಲ್ಲರದ್ದೂ ಧ್ವನಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ. ‘ದೊಡ್ಡಪ್ಪ’ ಅವಳ ಬಾಯಲ್ಲಿ ಏನೇನೋ ಆಗುತ್ತದೆ, ಆಗಲಿ ಬಿಡಿ. ನಿಮ್ಮ ಮಗನೂ ಅವರ ಕಡೆಯ ಪದಗಳನ್ನು ಕಲಿಯಬೇಕು. ಅವನು ತಪ್ಪು ಹೇಳಿದರೆ ಅಲ್ಲಿಯ ಅಜ್ಜಿಯರು ಅವನನ್ನು ಸುಮ್ನೆ ಬಿಡುವುದಿಲ್ಲ. ಯಾರ ನಂತರ ಯಾರು ಕೂರಬೇಕು ಅನ್ನುವುದೂ ಮೊದಲೇ ನಿರ್ಧಾರವಾಗಲಿ. ಕೆಲವು ಮನೆಗಳಲ್ಲಿ ಅಜ್ಜ ಅಜ್ಜಿ ಮೊದಲು, ಕೆಲವು ಕಡೆ ತಂದೆ ತಾಯಿ ಮೊದಲು. ಬೀಗತಿಯನ್ನೇ ಕೇಳಿ. ನಿಮ್ಮ ಮಗನಿಗಿಂತ ಚಿಕ್ಕವರು ಇದ್ದರೆ ಅವರ ಸರದಿಯಲ್ಲಿ ಎಲ್ಲ ತಿರುಗಾಮುರುಗಾ. ಚಿಕ್ಕವರು ಚಹಾ ಕೊಡುತ್ತಾರೆ, ಮದುಮಕ್ಕಳು ಕುಡಿದು ದುಡ್ಡು ಕೊಡುತ್ತಾರೆ.

ಇನ್ನು ದುಡ್ಡಿನ ವಿಷಯ. ಇದರಲ್ಲಿ ನಮ್ಮವರು ಎಡವುವುದೇ ಜಾಸ್ತಿ, ನಾನೂ ಎಡವಿದ್ದೇನೆ. ಸಿಂಗಪುರಕ್ಕೆ ಹೋದ ಹೊಸದರಲ್ಲಿ ಗೆಳತಿಯ ಮದುವೆಗೆ ಊರಿಂದ ತಂದ, ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರಿನಲ್ಲಿ 101 ಡಾಲರ್ ಹಾಕಿ ಕೊಟ್ಟೆ. ಭಾರೀ ಮುತುವರ್ಜಿಯಿಂದ. ಅವಳ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, ಬೆಸ ಸಂಖ್ಯೆಯ ದುಡ್ಡು ಕೊಡುವುದು ಸಾವಿನ ಮನೆಗೆ ಅಂತ. ನಮ್ಮಲ್ಲಿ ಸೊನ್ನೆಗೆ ಮುಗಿಯಬಾರದು ಅಂತ ಒಂದು ಸೇರಿಸುತ್ತೇವೆ. ಅವರಲ್ಲಿ ಮದುವೆಗೆ ಎಲ್ಲವೂ ಜೋಡಿಯಾಗಿರಬೇಕು. ಹಾಗಾಗಿ ಒಂದರ ನಾಣ್ಯದ ಕವರುಗಳನ್ನು ಶಿವಮೊಗ್ಗದಲ್ಲೇ ಬಿಟ್ಟು ಹೋಗಿ. ‘ಆಂಗ್ ಪಾವ್’ ಅನ್ನುವ ಕೆಂಪು ಲಕೋಟೆ ಪೆನಾಂಗ್‌ನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬಿಳಿ ಲಕೋಟೆ ಮಾತ್ರ ಮುಟ್ಟಬೇಡಿ, ಅದು ಸಾವಿಗೆ. ಒಳಗೆ ಸಮಸಂಖ್ಯೆ ಇರಲಿ. 8 ಶುಭ, ಆದ್ದರಿಂದ 88, 168, 288 ರಿಂಗಿಟ್ (ಮಲೇಷ್ಯಾದ ಹಣ) ಅಂತೆಲ್ಲ ಹಾಕುತ್ತಾರೆ. 4ರ ಉಚ್ಚಾರ ಸಾವು ಅನ್ನುವ ಪದದ ಹತ್ತಿರ ಇರುವುದರಿಂದ ಅದು ಬೇಡ. ಎಷ್ಟು ಕೊಡಬೇಕು ಅನ್ನುವುದಕ್ಕೆ ದರಪಟ್ಟಿ ಇಲ್ಲ. ನಿಮ್ಮ ಕೈಲಾದಷ್ಟು.

ನೀವು ಹುಡುಗನ ತಾಯಿ ಆದ್ದರಿಂದ ಚಿನ್ನದ ಮಾತೂ ಬರಬಹುದು. ಅಲ್ಲಿಯ ತಿಯೋಚ್ಯೂ ಎಂಬ ಚೀನೀ ಪಂಗಡದ ಜನರಲ್ಲಿ ಅತ್ತೆ ಸೊಸೆಗೆ ನಾಲ್ಕು ಒಡವೆ ಕೊಡುವ ರೂಢಿ ಇದೆ: ಸರ, ಪದಕ, ಓಲೆ, ಬಳೆ. ಈಗ ಬೇರೆಯವರೂ ಅದನ್ನು ಅನುಸರಿಸುತ್ತಾರೆ. (ಇಲ್ಲಿ ಮಾತ್ರ ನಾಲ್ಕು ಅಪಶಕುನ ಅಲ್ಲ! ಮನೆಯ ಚಾವಣಿಯ ನಾಲ್ಕು ಮೂಲೆ ಅಂತ ಹೇಳಿ ಸರಿಮಾಡಿಕೊಂಡಿದ್ದಾರೆ.) ಕ್ಯಾಂಟನೀಸ್ ಮನೆಗಳಲ್ಲಿ ಡ್ರ್ಯಾಗನ್, ಫೀನಿಕ್ಸ್ ಕೆತ್ತಿದ ಜೋಡಿ ಬಳೆ. ಚಹಾ ಕುಡಿದ ಮೇಲೆ ನೀವೇ ಕೈಯಾರೆ ತೊಡಿಸಬೇಕು. ನೀವು ಹೇಗೂ ಸೊಸೆಗೆ ಬಳೆ ಮಾಡಿಸುತ್ತೀರಲ್ಲ? ಅದನ್ನೇ ಅಲ್ಲಿ ತೊಡಿಸಿ. ಡ್ರ್ಯಾಗನ್ ಇಲ್ಲದ ಶಿವಮೊಗ್ಗದ ಬಳೆಯಾದರೂ ನಡೆಯುತ್ತದೆ. ಜೋಡಿಯಾಗಿರಲಿ, ಅಷ್ಟೇ. ಕರಿಮಣಿ ಸರವನ್ನು ಮಾತ್ರ ಆ ಹೊತ್ತಿಗೆ ತೆಗೆಯಬೇಡಿ. ಕಪ್ಪು ಅವರಿಗೆ ಮದುವೆಯಲ್ಲಿ ಆಗಿಬರುವುದಿಲ್ಲ. ತಾಳಿ, ಕರಿಮಣಿ ನಮ್ಮ ಶಾಸ್ತ್ರದ ದಿನಕ್ಕೆ ಇರಲಿ, ಅವತ್ತು ಅದರ ಅರ್ಥ ಹೇಳಿ. ನಿಮ್ಮ ಕೊರಳಲ್ಲಿ ಇರುವುದನ್ನು ಯಾರೂ ಆಕ್ಷೇಪಿಸುವುದಿಲ್ಲ.

ಬಟ್ಟೆಗೂ ಅದೇ ಲೆಕ್ಕ. ಕಪ್ಪು ಬೇಡ, ಪೂರ್ತಿ ಬಿಳಿ ಬೇಡ. ನಿಮಗೆ ರೇಷ್ಮೆ ಸೀರೆ ಇದೆ, ಕೆಂಪು ಬಿಟ್ಟು ಮೆರೂನ್, ಹಸಿರು, ಬಂಗಾರದ ಬಣ್ಣ ಯಾವುದಾದರೂ ಉಡಿ. ಕೆಂಪು ಮದುಮಗಳಿಗಿರಲಿ. ತೊಂದರೆ ಇರುವುದು ಗಂಡಸರ ಬಿಳಿ ಪಂಚೆ, ಬಿಳಿ ಶಲ್ಯದ್ದು. ಜರಿ ಅಂಚು ಅಗಲ ಇರುವ ರೇಷ್ಮೆ ಪಂಚೆ, ಮೇಲೆ ಬಣ್ಣದ ಜುಬ್ಬಾ ಹಾಕಿದರೆ ಸರಿಹೋಗುತ್ತದೆ. ಮಲ್ಲಿಗೆ ಮುಡಿಯುವುದು ನಿಮಗೆ ಮುಖ್ಯ ಅಂತ ಗೊತ್ತು. ಅವರ ಹಳೆಯ ರೂಢಿಯಲ್ಲಿ ತಲೆಯಲ್ಲಿ ಬಿಳಿ ಹೂ ಅಂದರೆ ಸೂತಕ. ಪೆನಾಂಗ್‌ನಲ್ಲಿ ತಮಿಳರು ಬೇಕಾದಷ್ಟು ಇದ್ದಾರೆ, ಮಲ್ಲಿಗೆ ಮುಡಿದವರನ್ನು ಅವರು ದಿನಾ ನೋಡುತ್ತಾರೆ. ಆದರೂ ಆ ಒಂದು ಬೆಳಿಗ್ಗೆ ಕನಕಾಂಬರ ಸೇರಿಸಿ ಕಟ್ಟಿದ ಮಾಲೆ ಮುಡಿಯಿರಿ. ಎರಡೂ ಕಡೆ ಸಮಾಧಾನ.

ಆಶೀರ್ವಾದಕ್ಕೆ ಚೀನೀ ಭಾಷೆ ಬೇಕಿಲ್ಲ. ಅವರು ಹೇಳುವುದು ‘ಬಾಯ್ ನಿಯೆನ್ ಹಾವ್ ಹ’, ನೂರು ವರ್ಷ ಚೆನ್ನಾಗಿ ಕೂಡಿ ಬಾಳಿ ಅಂತ. ನೀವು ‘ನೂರು ಕಾಲ ಸುಖವಾಗಿ ಬಾಳಿ’ ಅನ್ನಿ. ಮಗ ಅನುವಾದ ಮಾಡಿದರೆ ಅವರೇ ನಗುತ್ತಾರೆ, ಒಂದೇ ಮಾತಾಯಿತಲ್ಲ ಅಂತ. ಅಕ್ಷತೆ ಹಾಕಬೇಕು ಅನಿಸಿದರೆ ಕುಂಕುಮ ಬೆರೆಸಿ ಕೆಂಪಗೆ ಮಾಡಿದ್ದು ಹಾಕಿ, ಬೀಗರಿಗೆ ಮೊದಲೇ ಹೇಳಿ. ಮತ್ತೆ ಚಹಾ ಕುಡಿದಾದ ಮೇಲೆ ಹಾಕಿ. ಬಟ್ಟಲಿಗೆ ಅಕ್ಕಿ ಬಿದ್ದ ಮದುವೆಯನ್ನೂ ನಾನು ನೋಡಿದ್ದೇನೆ.

ಮಾರ್ಚ್‌ನಲ್ಲೇ ರಿಜಿಸ್ಟರ್ ಆಗಿರುವುದರ ಬಗ್ಗೆ ನಿಮಗೆ ಸ್ವಲ್ಪ ಗೊಂದಲ ಇದ್ದಂತಿದೆ. ಕಾನೂನಿನ ಪ್ರಕಾರ ಅವರು ಆಗಲೇ ಗಂಡ ಹೆಂಡತಿ. ಮಲೇಷ್ಯಾದಲ್ಲಿ ಮುಸ್ಲಿಮೇತರರಿಗೆ 1982ರ ಮಾರ್ಚ್ 1ರಿಂದ ಜಾರಿಯಾದ ಕಾನೂನಿನಲ್ಲಿ ಬರೀ ಶಾಸ್ತ್ರ ಮಾಡಿದರೆ ಮದುವೆ ಲೆಕ್ಕಕ್ಕಿಲ್ಲ, ರಿಜಿಸ್ಟರ್ ಆಗಲೇಬೇಕು. ಆದರೆ ಎಷ್ಟೋ ಮನೆಗಳಲ್ಲಿ ಚಹಾ ಕೊಡುವ ತನಕ ಅವಳು ಇನ್ನೂ ತವರಿನ ಮಗಳೇ. ಬೀಗತಿ ಮಾತಿನ ನಡುವೆ ‘ಮದುವೆ ಆಗಲಿ, ಆಮೇಲೆ’ ಅಂದರೆ ತಪ್ಪು ತಿಳಿಯಬೇಡಿ.

ನೀವು ಕೇಳದ ಒಂದು ಮಾತು. ಆಮೇಲೆ ಶಿವಮೊಗ್ಗದಲ್ಲಿ ಧಾರೆ ಎರೆಸುವ ಯೋಚನೆ ಇದ್ದರೆ ಬೀಗರಿಗೆ ಕಾಲು ತೊಳೆಯುವ ಶಾಸ್ತ್ರದ ಬಗ್ಗೆ ಮೊದಲೇ ತಿಳಿಸಿ. ನಮ್ಮಲ್ಲಿ ಮದುಮಗನನ್ನು ವಿಷ್ಣು ಅಂತ ಭಾವಿಸಿ ಹುಡುಗಿಯ ತಂದೆ ತಾಯಿ ಕಾಲು ತೊಳೆಯುತ್ತಾರೆ. ಅವರ ಕಣ್ಣಿಗೆ ಅದು ಪೂರ್ತಿ ಉಲ್ಟಾ: ತಮ್ಮೆದುರು ಮಂಡಿಯೂರಿ ಚಹಾ ಕೊಟ್ಟ ಹುಡುಗನ ಕಾಲನ್ನು ತಾವೇ ಹಿಡಿಯಬೇಕು! ಮಂಟಪದಲ್ಲಿ ಪುರೋಹಿತರು ತಂಬಿಗೆ ಕೈಗೆ ಕೊಟ್ಟಾಗ ಆ ದಂಪತಿಗೆ ಮೊದಲ ಸಲ ಗೊತ್ತಾಗುವುದು ಬೇಡ. ಅವರಿಗೆ ಒಗ್ಗದಿದ್ದರೆ ಅದನ್ನು ಬಿಡಿ. ನಾನಾಗಿದ್ದರೆ ಬಿಡುತ್ತಿದ್ದೆ.

ಕೊನೆಯದಾಗಿ, ಅಜ್ಜಿಯ ಹೆಸರಲ್ಲೂ ಒಂದು ಕೆಂಪು ಲಕೋಟೆ ಸಿದ್ಧ ಮಾಡಿಡಿ. ಅದು ನಿಮ್ಮ ಲಕೋಟೆಯೊಳಗೆ ಸೇರುವುದು ಬೇಡ. ಚಹಾ ಮುಗಿದ ಮೇಲೆ ಅವರೇ ತಮ್ಮ ಕೈಯಿಂದ ಕೊಡಲಿ. ‘ಒಂದು ರೂಪಾಯಿ ಸೇರಿಸೇ’ ಅಂತ ಅವರು ಹಟ ಹಿಡಿಯಬಹುದು. ಹಾಗೆ ಹಿಡಿದರೆ ಎರಡು ಸೇರಿಸಿ.